ಹಲ್ಲು ನೋಡುವ ಶೇಕ್ದಾರ

ಅಜ್ಜಂಪುರ
೧೬ನೇ ಫೆಬ್ರವರಿ ೧೯೧೬, ಬುಧವಾರ

ತೀರ್ಥಮ್ಮನಿಗೆ,

ಹೋದ ವಾರ ಅಜ್ಜಂಪುರದ ಛತ್ರದ ಅಂಗಳದಲ್ಲಿ, ಸಂತೆಗೆ ಬಂದಿದ್ದ ಅಷ್ಟೂ ಜನರ ಎದುರು, ನನಗೆ ಮದುವೆಯೇ ಆಗಿಲ್ಲ ಎಂದು ಹೇಳಿದೆ. ಅದು ಸುಳ್ಳು. ನನಗೆ ಮದುವೆಯಾಗಿದೆ. ನೀನು ನನ್ನ ಹೆಂಡತಿ.

ಕ್ಷೇಮ ಕೇಳುವುದಕ್ಕೆ ಮುಂಚೆ ಇದನ್ನು ಬರೆದುಬಿಡಬೇಕು ಅನ್ನಿಸಿತು. ಮೊದಲು ಮಳೆ ಬೆಳೆ, ದನ ಕರು ಎಂದು ಶುರು ಮಾಡಿದ್ದರೆ ಕೈ ಮೆಲ್ಲಗೆ ಅತ್ತ ಕಡೆಗೇ ಹೊರಳಿಕೊಂಡು, ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತಿತ್ತು. ಈಗ ಕೇಳುತ್ತೇನೆ. ನೀನು ಹೇಗಿದ್ದೀಯ? ನಿಮ್ಮ ತಾಯಿಯವರಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಕೇಳಿದೆ, ಈಗ ಹೇಗಿದ್ದಾರೆ? ಪಂಚನಹಳ್ಳಿಯಲ್ಲಿ ಈ ಸಲ ರಾಗಿ ಕೈಗೆ ಹತ್ತಿತೇ? ಕಾಗದ ತಡವಾದದ್ದಕ್ಕೆ ಮನ್ನಿಸು ಎಂದು ಬರೆಯುವುದು ವಾಡಿಕೆ. ಒಂದು ತಿಂಗಳು ತಡವಾದವನು ಹಾಗೆ ಬರೆಯಬಹುದು. ಹತ್ತು ವರ್ಷ ತಡಮಾಡಿದವನು ಏನು ಬರೆಯಬೇಕೋ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ನಿನ್ನ ಹೆಸರಿನ ಮುಂದೆ ಸೌಭಾಗ್ಯವತಿ ಎಂದು ಬರೆಯಲು ಹೋಗಿ ಬಿಟ್ಟೆ. ನಾನು ಕೊಡದೇ ಇದ್ದ ಸೌಭಾಗ್ಯದ ಹೆಸರು ಹಿಡಿದು ನಿನ್ನನ್ನು ಕರೆಯಲು ನಾಚಿಕೆಯಾಯಿತು.

ನಿನಗೆ ಓದಲು ಬರುತ್ತದೆ ಎಂದು ನಿಮ್ಮ ಸೋದರತ್ತೆ ಹುಚ್ಚಮ್ಮನವರು ಹೇಳಿದರು. ಅವರು ಹೇಳಿದ ರೀತಿಯನ್ನು ಮುಂದೆ ಬರೆಯುತ್ತೇನೆ. ಓದಲು ಬರದಿದ್ದರೆ ಈ ಕಾಗದವನ್ನು ಮಠದ ಐನೋರ ಕೈಲೋ ಸ್ಕೂಲು ಮೇಷ್ಟರ ಕೈಲೋ ಓದಿಸಬೇಕಾಗುತ್ತಿತ್ತು. ಆಗ ಇಷ್ಟು ಬಿಚ್ಚಿ ಬರೆಯುವ ಧೈರ್ಯ ನನಗೆ ಬರುತ್ತಿತ್ತೋ ಇಲ್ಲವೋ.

ನಮ್ಮ ಮದುವೆಯಲ್ಲಿ ನಿನಗೆ ಏನು ನೆನಪಿದೆಯೋ ತಿಳಿಯದು. ನಿನಗೆ ಆಗ ಏಳು, ನನಗೆ ಹದಿನಾಲ್ಕು. ನನಗೆ ನೆನಪಿರುವುದು ಭೂಮದೂಟ. ನಮ್ಮಿಬ್ಬರನ್ನೂ ಒಂದೇ ತಟ್ಟೆಯ ಮುಂದೆ ಕೂರಿಸಿದ್ದರು. ಕೊಬ್ಬರಿ ಚೂರು ಕಚ್ಚಿದವಳು ನೀನು ಥಟ್ಟನೆ ನಿಲ್ಲಿಸಿದೆ. ಬಾಯಿಂದ ಏನೋ ತೆಗೆದು ಅಂಗೈಯಲ್ಲಿಟ್ಟು ನನ್ನ ಕಡೆ ಚಾಚಿದೆ. ಮುಂದಿನ ಹಲ್ಲು. ಬುಡದಲ್ಲಿ ಒಂದು ಚುಕ್ಕೆ ರಕ್ತ.

"ಸೂರಿನ ಮ್ಯಾಲೆ ಎಸೀತೀಯಾ? ನಂಗೆ ಎಟಕಾಕಿಲ್ಲ" ಅಂದೆ. ನೀನು ನನ್ನ ಜೊತೆ ಆಡಿದ ಮಾತು ಅದೊಂದೇ.

ನಾನು ಕೈ ನೀಡುವಷ್ಟರಲ್ಲಿ ಹುಚ್ಚಮ್ಮತ್ತೆ ಸೆರಗಿನಿಂದ ನಿನ್ನ ಬಾಯಿ ಮುಚ್ಚಿದರು. "ಸುಮ್ಕಿರೇ! ಆ ಸಾಲಾಗೆ ಶೇಕ್ದಾರ್ರು ಉಣ್ತಾ ಕೂತವ್ರೆ. ಹಲ್ಲು ಕಂಡ್ರೆ ವಯಸ್ಸು ತಿಳ್ದೋಯ್ತದೆ" ಎಂದು ಪಿಸುಗುಟ್ಟಿದರು. ಎಂಟು ತುಂಬದ ಹೆಣ್ಣಿಗೆ ಮದುವೆ ಮಾಡಬಾರದು ಎಂಬ ಸರ್ಕಾರದ ಕಾಯಿದೆ ಆಗಲೇ ಜಾರಿಯಲ್ಲಿತ್ತು. ಹುಡುಗಿಗೆ ಒಂಬತ್ತು ತುಂಬಿದೆ ಎಂದು ಎರಡೂ ಮನೆಯವರು ಹೇಳಿಕೊಂಡಿದ್ದರು. ಹಲ್ಲು ನನ್ನ ಕೈಗೆ ಬಂತು. ಬಿದ್ದ ಹಾಲುಹಲ್ಲನ್ನು ಸಗಣಿ ಗರಿಕೆಯಲ್ಲಿಟ್ಟು ಸೂರಿನ ಮೇಲೆ ಎಸೆಯದಿದ್ದರೆ ಹೊಸ ಹಲ್ಲು ಸೊಟ್ಟ ಬರುತ್ತದೆ ಎಂದು ನನಗೂ ಗೊತ್ತಿತ್ತು. ಎದ್ದರೆ ಎಲ್ಲರೂ ನೋಡುತ್ತಾರೆಂದು ಅದನ್ನು ಚಾಪೆಯ ಕೆಳಗೆ ಬಿಟ್ಟು ಹಿಮ್ಮಡಿಯಿಂದ ಮಣ್ಣಿಗೆ ಒತ್ತಿದೆ. ನೀನು ನೋಡುತ್ತಿದ್ದೆ.

ಆಮೇಲೆ ನಾನು ದೇವನೂರಿನಿಂದ ಕಡೂರಿನ ಸ್ಕೂಲಿಗೆ ಹೋದೆ. ಅಲ್ಲಿ ಬೆಂಗಳೂರು ಮೈಸೂರುಗಳಿಂದ ಅಂಚೆಯಲ್ಲಿ ಬರುವ ಸಣ್ಣ ಸಣ್ಣ ಪುಸ್ತಕಗಳ ರುಚಿ ಹತ್ತಿತು. ಹೇಳಿಕೊಡುವವರು ಯಾರೂ ಇರಲಿಲ್ಲ. ತಿಳಿದಷ್ಟು ತಿಳಿದುಕೊಂಡು, ತಿಳಿಯದ್ದನ್ನು ಬಾಯಿಪಾಠ ಮಾಡಿದೆ. ಮಕ್ಕಳಿಗೆ ಆಟದ ಹಕ್ಕು, ಓದಿನ ಹಕ್ಕು, ಹೊಟ್ಟೆ ತುಂಬ ಉಣ್ಣುವ ಹಕ್ಕು. ಓದುತ್ತ ಓದುತ್ತ ನನ್ನ ಮೈ ಬಿಸಿಯಾಗುತ್ತಿತ್ತು. ಆ ಪುಸ್ತಕಗಳಲ್ಲೊಂದರಲ್ಲಿ "ಬಾಲ್ಯದ ವಿವಾಹವು ವಿವಾಹವೇ ಅಲ್ಲ" ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆ ಸಾಲಿನ ಕೆಳಗೆ ಗೆರೆ ಎಳೆದುಕೊಂಡೆ. ಅದನ್ನು ಬರೆದವನು ನಿನ್ನಂಥವಳನ್ನು ಕಾಪಾಡಬೇಕೆಂದು ಬರೆದಿದ್ದ. ನಾನು ಅದನ್ನು ನನ್ನ ಬಿಡುಗಡೆಯ ಚೀಟಿ ಎಂದು ಓದಿಕೊಂಡೆ.

ಎರಡು ವರ್ಷದ ಕೆಳಗೆ ನಿನ್ನ ಸೋದರಮಾವ ಈರಣ್ಣನವರು ತರೀಕೆರೆಗೆ ಬಂದದ್ದು ನಿನಗೆ ಗೊತ್ತಿರುತ್ತದೆ. ಆಗ ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನಿನ್ನನ್ನು ಮನೆ ತುಂಬಿಸಿಕೊಳ್ಳಲು ದಿನ ಕೇಳಲು ಬಂದಿದ್ದರು, ಒಂದು ಗೋಣಿ ತೆಂಗಿನಕಾಯಿ ಹೊರಿಸಿಕೊಂಡು.

"ಹುಡ್ಗಿ ಲಕ್ಷಣವಾಗವ್ಳೆ ಕಣಪ್ಪ. ಮುಂದಲ ಹಲ್ಲೊಂದು ವಸಿ ಸೊಟ್ಟ ಬಂದೈತೆ, ಅಷ್ಟು ಬಿಟ್ರೆ ಎತ್ತಿ ಆಡಂಗಿಲ್ಲ" ಅಂದರು.

ನಾನು ಆ ಪುಸ್ತಕ ತೆಗೆದು ಅವರಿಗೆ ಓದಿ ಹೇಳಿದೆ. ಪೂರ್ತಿ ಎರಡು ಪುಟ. ಪಾಪ, ಹೆಗಲ ಮೇಲಿನ ಟವಲಿನಿಂದ ಬೆವರು ಒರೆಸಿಕೊಳ್ಳುತ್ತ ಕೇಳಿದರು. ಆಮೇಲೆ, "ಪುಸ್ತಕ ಚೆನ್ನಾಗೈತೆ. ಆದ್ರೆ ತಾಳಿ ಕಟ್ಟಿದ್ದು ಪುಸ್ತಕದ ಕೈಯಲ್ಲ, ನಿನ್ ಕೈ" ಅಂದರು. ನಾನು ಆಗುವುದಿಲ್ಲ ಅಂದೆ. ಇದು ತತ್ತ್ವದ ಪ್ರಶ್ನೆ ಅಂದೆ. ಅವರು ಎದ್ದು ಹೋದರು, ಕಾಯಿ ಬಿಟ್ಟು ಹೋದರು. ಕಚೇರಿಯ ಜವಾನರೆಲ್ಲ ಒಂದು ವಾರ ಚಟ್ನಿ ಅರೆದರು. ನಾನೂ ತಿಂದೆ, ತೀರ್ಥಮ್ಮ.

ಅದೇ ವರ್ಷ ತಾಲ್ಲೂಕಿನ ಅಮಲ್ದಾರರು ನನ್ನ ಉತ್ಸಾಹ ಕಂಡು ಅಜ್ಜಂಪುರ ಹೋಬಳಿಗೆ ಹಂಗಾಮಿ ಶೇಕ್ದಾರನಾಗಿ ಕಳಿಸಿದರು. ಕಂದಾಯದ ಕೆಲಸ ಮಾಡುವುದರ ಜೊತೆಗೆ ಎಳೆಯ ಮಕ್ಕಳ ಮದುವೆ ನಿಲ್ಲಿಸುವುದನ್ನೇ ನಾನು ವ್ರತ ಮಾಡಿಕೊಂಡೆ. ದನ ಕಾಯುವ ಹುಡುಗರನ್ನು ಕಾವಲಿನಿಂದ ಎಳೆತಂದು ಸ್ಕೂಲಿನಲ್ಲಿ ಕೂರಿಸಿದೆ. ನನ್ನ ಹೆಸರು ಕಡೂರಿನವರೆಗೂ ಹೋಯಿತು. ಯಾವ ಹೆಸರು ಅಂತೀಯ? ಹಲ್ಲು ನೋಡುವ ಶೇಕ್ದಾರ.

ಹಳ್ಳಿಯಲ್ಲಿ ಹುಟ್ಟಿದ ತಾರೀಖು ಯಾರ ಬಳಿ ಇರುತ್ತದೆ? ಯಾರನ್ನು ಕೇಳಿದರೂ ಒಂಬತ್ತು ಅನ್ನುತ್ತಾರೆ. ಆದರೆ ಮುಂದಿನ ಹಲ್ಲು ಬಿದ್ದು ಬಾಯಿ ಬೋಡಾಗಿರುವ ಹುಡುಗಿಗೆ ಎಂಟು ತುಂಬಿರುವುದು ಅಪರೂಪ. ಮನೆಯವರಿಗೂ ಅದು ಗೊತ್ತು. ಬಾಯಿ ಬಿಡಬೇಡ ಎಂದು ಮಗುವಿಗೆ ಹೇಳಿ ಕೂರಿಸಿರುತ್ತಾರೆ. ನಾನು ಗದರಿಸುತ್ತಿರಲಿಲ್ಲ, ನಗಿಸುತ್ತಿದ್ದೆ. ನಕ್ಕರೆ ಸಿಕ್ಕಿತು.

ಬುಕ್ಕಾಂಬುಧಿಯ ಲಕ್ಕಣ್ಣ ಎಂಬ ದೊಡ್ಡ ತೋಟದವರ ಮೊಮ್ಮಗಳು ಕಾಂತಿಯ ಮದುವೆ ನಿಲ್ಲಿಸಿದ್ದು ಹಾಗೆಯೇ. ಬಾಸಿಂಗ ಕಟ್ಟಿ ಹಸೆಮಣೆಯ ಮೇಲೆ ಕೂರಿಸಿದ್ದರು. ತುಟಿ ಹೊಲಿದ ಹಾಗೆ ಕೂತಿತ್ತು ಮಗು. ನಾನು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, "ಏನವ್ವಾ, ನಿಮ್ಮ ತಾತನ ಮೀಸೆಯಲ್ಲಿ ಎರಡು ಗುಬ್ಬಿ ಗೂಡು ಕಟ್ಟಿವೆಯಂತೆ, ಮೊಟ್ಟೆ ಇಟ್ಟವಾ?" ಅಂದೆ. ಕಿಲಕಿಲ ನಕ್ಕುಬಿಟ್ಟಿತು. ಎರಡು ಹಲ್ಲಿನ ಸಂದಿ ಚಪ್ಪರಕ್ಕೆಲ್ಲ ಕಾಣಿಸಿತು. ಲಕ್ಕಣ್ಣನವರ ಮುಖ ಕಪ್ಪಿಟ್ಟಿತು. ಮದುವೆ ನಿಂತಿತು. ಬಾಸಿಂಗ ಬಿಚ್ಚುವಾಗ ಕಾಂತಿ ನನ್ನನ್ನು, "ಹಂಗಾರೆ ಹೋಳ್ಗೆ ಇಲ್ವಾ?" ಎಂದು ಕೇಳಿತು. ಹೋಳಿಗೆ ಬಡಿಸಲೇಬೇಕು ಎಂದು ಹುಕುಂ ಮಾಡಿ ಬಂದೆ. ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿದಾಗಲೆಲ್ಲ ಜನ ನಗುತ್ತಾರೆ, ಅಮಲ್ದಾರರು ಹೆಮ್ಮೆಯಿಂದ ತಲೆದೂಗುತ್ತಾರೆ.

ಈ ಯುಕ್ತಿಯನ್ನು ಎಲ್ಲಿ ಕಲಿತೆ ಎಂದು ಅವರು ಒಮ್ಮೆ ಕೇಳಿದರು. ಪುಸ್ತಕದಲ್ಲಿ ಅಂದೆ. ಅದನ್ನು ಕಲಿಸಿದ್ದು ನೀನು, ಭೂಮದೂಟದ ತಟ್ಟೆಯ ಮುಂದೆ.

ಇನ್ನು ಹೋದ ವಾರದ ಸಭೆ. ಮಕ್ಕಳ ಹಿತದ ಬಗ್ಗೆ ರೈತರಿಗೆ ತಿಳಿಹೇಳಬೇಕೆಂದು ಅಮಲ್ದಾರರೇ ಏರ್ಪಡಿಸಿದ್ದರು. ಅವರು ಕುರ್ಚಿಯಲ್ಲಿ, ನಾನು ಪಕ್ಕದಲ್ಲಿ ನಿಂತು. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಕಾಂತಿಯ ಕಥೆ ಹೇಳಿದೆ, ಊರಿನ ಹೆಸರೂ ತಾತನ ಹೆಸರೂ ಬಿಟ್ಟು. ಜನ ಬಿದ್ದು ಬಿದ್ದು ನಕ್ಕರು. ಹೆಂಗಸರ ಕಡೆಯಿಂದಂತೂ ನಗು ನಿಲ್ಲಲೇ ಇಲ್ಲ. ಆಗ ಲಕ್ಕಣ್ಣನವರು ಎದ್ದು ನಿಂತರು. ಬಂದಿದ್ದಾರೆಂದು ನನಗೆ ಗೊತ್ತಿರಲಿಲ್ಲ.

"ಸ್ವಾಮಿ ಶೇಕ್ದಾರ್ರೇ, ಒಂದ್ ಮಾತು. ನಮ್ಮ ಮಕ್ಕಳ ಹಲ್ಲೆಲ್ಲಾ ನೀವ್ ನೋಡಿದ್ರಿ. ನಿಮ್ಮ ಹಲ್ಲು ನಾವ್ ನೋಡಾದು ಯಾವಾಗ? ನಿಮ್ಮ ಮದ್ವೇಲಿ ಹೆಣ್ಣಿಗೆಷ್ಟಾಗಿತ್ತು ವಯಸ್ಸು?"

ಅಮಲ್ದಾರರು ನನ್ನ ಕಡೆ ತಿರುಗಿದರು.

"ನನಗೆ ಮದುವೆಯಾಗಿಲ್ಲ" ಅಂದೆ.

ಹಿಂದಿನಿಂದ ಯಾರೋ, "ಅದ್ಕೇಯ ಕಂಡೋರ ಮದ್ವೆ ಕಂಡ್ರೆ ಹೊಟ್ಟೆ ಉರಿ!" ಎಂದು ಕೂಗಿದ. ಮತ್ತೆ ನಗು. ಲಕ್ಕಣ್ಣನವರು ಕೂತುಬಿಟ್ಟರು. ಅಮಲ್ದಾರರು ನನ್ನ ಬೆನ್ನು ತಟ್ಟಿದರು.

ಸಂತೆ ಕರಗುವ ಹೊತ್ತಿಗೆ ಹುಚ್ಚಮ್ಮತ್ತೆ ನನ್ನ ಬಿಡಾರದ ಬಾಗಿಲಿಗೆ ಬಂದರು. ಒಳಗೆ ಬನ್ನಿ ಅಂದೆ, ಬರಲಿಲ್ಲ. ಕುಡಿಯಲು ನೀರು ಕೊಟ್ಟೆ, ಮುಟ್ಟಲಿಲ್ಲ.

"ಮದ್ವೆ ಆಗ್ದೋರ ಮನೇಲಿ ನಂಗೇನ್ ಕೆಲ್ಸ ಸಾಹೇಬ್ರೇ? ಒಂದ್ ಮಾತು ಕೇಳಾನಾ ಅಂತ ಬಂದೆ. ಎಳೇ ಮಕ್ಕಳ ಮದ್ವೆ ತಪ್ಪು ಅಂತೀರ, ಒಪ್ಕಂಡೆ. ಮಾಡಿದ್ದು ನಾವು, ನಮ್ಮನ್ ಜೈಲಿಗಾಕಿ. ಆದ್ರೆ ನಮ್ ಹುಡ್ಗಿ ನಿಮ್ಮ ಕಾಯ್ದೇಲಿ ಎಲ್ಲವ್ಳೆ? ಮದ್ವೆ ಮನೇಲಿ ಮುತ್ತೈದೇರ ಪಂಕ್ತೀಲಿ ಕೂರ್ಸಾಕಿಲ್ಲ, ಕನ್ನೇರ ಪಂಕ್ತೀಲೂ ಕೂರ್ಸಾಕಿಲ್ಲ. ಎರಡೂ ಪಂಕ್ತಿ ಎದ್ದ ಮ್ಯಾಲೆ ಅಡಿಗೆ ಮನೆ ಮೂಲೇಲಿ ಒಬ್ಳೇ ಉಣ್ತಾಳೆ. ಅದ್ಯಾವ ಹಕ್ಕು ಬರ್ದಿದ್ದೀರಪ್ಪ ಅವ್ಳಿಗೆ?"

ನೀರಿನ ಚೊಂಬನ್ನು ಹೊಸ್ತಿಲ ಮೇಲಿಟ್ಟೆ.

"ಓದೋ ಗಂಡ ಅಂತ, ಎಂದಾದ್ರೂ ಕಾಗ್ದ ಬರ್ದಾನು ಅಂತ, ಮಠದ ಐನೋರ ಹತ್ರ ಅಕ್ಷರ ಕಲ್ತವ್ಳೆ ಕಣಪ್ಪ. ಅವರಿವರ ಕಾಗ್ದ ಎಲ್ಲಾ ಊರಿಗೆ ಓದಿ ಹೇಳ್ತಾಳೆ. ಅವ್ಳಿಗೆ ಅಂತ ಒಂದೂ ಬಂದಿಲ್ಲ" ಅಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ಹೋಗುವಾಗ ತಿರುಗಿ, "ಇವತ್ತು ನನ್ ಜೊತೇಲೇ ಬಂದಿದ್ಲು. ಅಂಗಳದಾಗೇ ಕೂತಿದ್ಲು" ಅಂದರು. ನೀನು ಸಭೆಯಲ್ಲಿದ್ದದ್ದು ನನಗೆ ತಿಳಿದದ್ದು ಆಗ.

ಮಾರನೆಯ ದಿನ ತರೀಕೆರೆಗೆ ಹೋಗಿ ಅಮಲ್ದಾರರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ನೋಡಯ್ಯ, ನಿನ್ನನ್ನು ಖಾಯಂ ಮಾಡಬೇಕೆಂದು ನಾನೇ ಬರೆದಿದ್ದೇನೆ. ಈಗ ನೀನು ಬಾಯಿ ಬಿಟ್ಟರೆ ಲಕ್ಕಣ್ಣನಂಥವರೆಲ್ಲ ಕುಣಿದಾಡುತ್ತಾರೆ. ನಿಲ್ಲಿಸಿದ ಮದುವೆಗಳೆಲ್ಲ ನಗೆಪಾಟಲಾಗುತ್ತವೆ. ನಿಮ್ಮ ಜನದಲ್ಲಿ ಪಂಚರನ್ನು ಕೂರಿಸಿ ಸಂಬಂಧ ಬಿಡಿಸಿಕೊಳ್ಳುವ ದಾರಿ ಇದೆಯಲ್ಲ, ಸದ್ದಿಲ್ಲದೆ ಮುಗಿಸಿಕೊ" ಅಂದರು. ಒಳ್ಳೆಯವರು, ನನ್ನ ಒಳ್ಳೆಯದಕ್ಕೇ ಹೇಳಿದರು. ಒಂದು ಕ್ಷಣ ನನಗೂ ಅದು ಹಿತವಾಗಿ ಕೇಳಿಸಿತು ಎಂಬುದನ್ನೂ ಬರೆದುಬಿಡುತ್ತೇನೆ.

ವಾಪಸು ಬರುತ್ತ ಬುಕ್ಕಾಂಬುಧಿಗೆ ಹೋದೆ. ಕಾಂತಿಯನ್ನು ನೋಡಬೇಕೆನ್ನಿಸಿತು. ಮದುವೆ ನಿಲ್ಲಿಸಿದ ಮೇಲೆ ಒಂದು ಸಲವೂ ಹೋಗಿರಲಿಲ್ಲ. ಕೆರೆ ಏರಿಯ ಕೆಳಗೆ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು. ಕಾಂತಿಯೂ ಇತ್ತು. ನನ್ನ ತಲೆಯ ರುಮಾಲು ಕಂಡದ್ದೇ ತಡ, ಅಷ್ಟೂ ಮಕ್ಕಳು ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟವು. ಎಲ್ಲ ಹಳ್ಳಿಯಲ್ಲೂ ಹೀಗೇ ಆಗುತ್ತದೆ. ಇಷ್ಟು ದಿನ ನಾನು ಇದನ್ನು ತಮಾಷೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಅವತ್ತು ನಗು ಬರಲಿಲ್ಲ. ನಾನು ಕಾಪಾಡಿದೆ ಅಂದುಕೊಂಡ ಮಕ್ಕಳು ನನ್ನ ಮುಂದೆ ನಗುವುದಕ್ಕೆ ಹೆದರುತ್ತವೆ. ಬಾಯಿಂದ ಕೈ ತೆಗೆಯದೆಯೇ ಕಾಂತಿ, "ಈಗ ಹಲ್ಲು ಬಂದೈತೆ, ತೋರ್ಸಾಕಿಲ್ಲ" ಅಂತು. ತೋರಿಸಬೇಡವ್ವ ಅಂದೆ.

ಕಾಂತಿಯ ಮದುವೆ ನಿಲ್ಲಿಸಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ನಾಳೆ ಇನ್ನೊಂದು ಚಪ್ಪರ ಎದ್ದರೆ ನಾಳೆಯೇ ಹೋಗಿ ನಿಲ್ಲಿಸುತ್ತೇನೆ. ಆದರೆ ಅದರ ಹಕ್ಕು ನನಗೆ ಉಳಿಯಬೇಕಾದರೆ ಮೊದಲು ನಿನ್ನ ಹತ್ತಿರ ಬರಬೇಕು. ಎಲ್ಲ ಮಕ್ಕಳ ಪರವಾಗಿ ಮಾತಾಡಿದೆ. ನನ್ನ ಪಕ್ಕದಲ್ಲಿ, ಒಂದೇ ತಟ್ಟೆಯ ಮುಂದೆ ಕೂತಿದ್ದ ಮಗುವನ್ನು ಮಾತ್ರ ಏನು ಬೇಕವ್ವ ಎಂದು ಕೇಳಲಿಲ್ಲ. ನಿನ್ನನ್ನು ಕೇಳದೆ ನಿನ್ನ ಮನೆಯವರೂ ನನ್ನ ಮನೆಯವರೂ ಮದುವೆ ಮಾಡಿದರು. ನಿನ್ನನ್ನು ಕೇಳದೆ ನಾನು ಅದನ್ನು ಅಳಿಸಿಹಾಕಿದೆ. ಎರಡೂ ಒಂದೇ ಜಾತಿಯ ಕೆಲಸ.

ಮುಂದಿನ ಸಂತೆಯ ದಿನ ಅದೇ ಅಂಗಳದಲ್ಲಿ ನಿಂತು ನಾನು ಸುಳ್ಳು ಹೇಳಿದೆ ಎಂದು ಹೇಳುತ್ತೇನೆ. ಖಾಯಂ ಆಗಲಿ ಬಿಡಲಿ. ನಿನ್ನ ಹೆಸರನ್ನು ಹೇಳಬೇಕೋ ಬೇಡವೋ ಎಂಬುದನ್ನು ನೀನು ತೀರ್ಮಾನಿಸಬೇಕು. ನನ್ನ ಜೊತೆ ಬಾಳಬೇಕೆಂದು ನಿನಗಿದ್ದರೆ, ಅಥವಾ ಇನ್ನು ನನ್ನ ಮುಖ ನೋಡುವುದೇ ಬೇಡವೆಂದಿದ್ದರೆ, ಯಾವುದಾದರೂ ಸರಿ, ನಿನ್ನ ಬಾಯಿಂದ ಕೇಳಬೇಕು. ಬೇಡವೆಂದರೆ ತಪ್ಪು ಪೂರ್ತಿ ನನ್ನದು ಎಂದು ಪಂಚರ ಮುಂದೆ ಒಪ್ಪಿಕೊಂಡು ಬರುತ್ತೇನೆ. ನೀನು ಬೇರೆ ಕಡೆ ಬಾಳುವುದಕ್ಕೆ ನನ್ನ ಕಡೆಯಿಂದ ತಡೆ ಇರುವುದಿಲ್ಲ. ಯೋಚನೆ ಮಾಡಲು ಕಾಲ ಬೇಕೆಂದರೆ ಅದನ್ನೂ ಹೇಳು. ನಾನು ಹತ್ತು ವರ್ಷ ತೆಗೆದುಕೊಂಡಿದ್ದೇನೆ.

ನಾನೇ ಪಂಚನಹಳ್ಳಿಗೆ ಬರುತ್ತೇನೆ. ದೇವನೂರಿನಲ್ಲಿರುವ ನನ್ನ ತಾಯಿ ವಿಶಾಲಾಕ್ಷಮ್ಮನವರೂ ಬರುತ್ತೇನೆಂದರು. ಬೇಡ, ಮೊದಲು ನಾನೊಬ್ಬನೇ ಹೋಗುತ್ತೇನೆ ಎಂದೆ. "ಹೋಗು. ಬೈದ್ರೆ ನಿಂತ್ಕಂಡು ಬೈಸ್ಕಾ, ಓಡ್ ಬರ್ಬೇಡ" ಅಂದರು. ಅಳಿಯನ ಹಾಗೆ ಕಾಲಿಗೆ ನೀರು ಕೊಡಿಸಿಕೊಂಡು ನಿಮ್ಮ ಮನೆಯೊಳಗೆ ಕೂರುವ ಯೋಗ್ಯತೆ ನನಗಿಲ್ಲ. ನಿಮ್ಮೂರ ಮಠದ ಜಗುಲಿಯ ಮೇಲೆ ಕೂತಿರುತ್ತೇನೆ. ನೀನು ಹುಚ್ಚಮ್ಮತ್ತೆಯನ್ನು ಕರೆದುಕೊಂಡು ಬಾ, ಇಲ್ಲವೆ ಒಬ್ಬಳೇ ಬಾ. ಬರದಿದ್ದರೆ ಅದೂ ಒಂದು ಉತ್ತರವೇ. ದಿನ, ಹೊತ್ತು ಕಡೆಯಲ್ಲಿ ಬರೆದಿದ್ದೇನೆ.

ನಿಮ್ಮ ತಾಯಿಯವರಿಗೆ, ಈರಣ್ಣಮಾವನಿಗೆ, ಹುಚ್ಚಮ್ಮತ್ತೆಗೆ ನನ್ನ ಶರಣು ತಿಳಿಸು. ಗಂಡನಾದವನು ಹೆಂಡತಿಗೆ ಆಶೀರ್ವಾದ ಬರೆಯಬೇಕಂತೆ. ನೀನು ಚೆನ್ನಾಗಿರಬೇಕು, ನಿನ್ನ ಸಾಲಿನಲ್ಲಿ ನಾಲ್ಕು ಜನರ ಜೊತೆ ಕೂತು ಬಿಸಿ ಅನ್ನ ಉಣ್ಣಬೇಕು. ನನ್ನ ಆಶೀರ್ವಾದಕ್ಕೆ ಬಲವಿದ್ದರೆ ಇಷ್ಟು ಆಗಲಿ.

ಇತಿ,
ದೇವೀರಪ್ಪ

ತಾ. ಕ. ಕಾಗದ ಮಡಿಸಿ ಅಂಟಿಸುವುದಕ್ಕೆ ಹೋಗಿ ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಉಳಿದಿದೆ. ನೀನು ಸಭೆಯಲ್ಲಿದ್ದದ್ದು ಹುಚ್ಚಮ್ಮತ್ತೆ ಹೇಳಿದಾಗ ತಿಳಿಯಿತು ಎಂದು ಬರೆದೆ. ಹಾಗಲ್ಲ.

ಕಾಂತಿಯ ಕಥೆಗೆ ಹೆಂಗಸರೆಲ್ಲ ನಕ್ಕಾಗ ನಾನು ಅಭ್ಯಾಸದಂತೆ ಹಲ್ಲುಗಳನ್ನು ನೋಡಿದೆ. ಎರಡನೇ ಸಾಲಿನಲ್ಲಿ, ಹುಚ್ಚಮ್ಮತ್ತೆಯ ಪಕ್ಕದಲ್ಲಿ ಕೂತಿದ್ದವಳ ಮುಂದಿನ ಹಲ್ಲೊಂದು ಸ್ವಲ್ಪ ಸೊಟ್ಟಗಿತ್ತು. ಅವಳು ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು. ಆ ಜಾಗದ ಹಾಲುಹಲ್ಲನ್ನು ಮಣ್ಣಿಗೆ ಒತ್ತಿದ ಕಾಲು ನನ್ನದು. ಗುರುತು ಸಿಗದೇ ಇರುತ್ತದೆಯೇ? ಆಮೇಲೆ ಲಕ್ಕಣ್ಣನವರು ಆ ಪ್ರಶ್ನೆ ಕೇಳಿದರು. ನಾನು ಉತ್ತರ ಕೊಡುವುದಕ್ಕೆ ಮುಂಚೆ ನಿನ್ನ ಕಡೆ ನೋಡಿದೆ. ನೀನು ನಗು ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತೆ. ನಾನು ಈಗ ನಿನ್ನ ಹೆಸರು ಹೇಳುತ್ತೇನೆಂದು ನೀನು ಸಿದ್ಧವಾಗಿ ಕೂತೆ. ಅದನ್ನು ಕಂಡ ಮೇಲೆಯೇ ನನಗೆ ಮದುವೆಯಾಗಿಲ್ಲ ಎಂದು ಹೇಳಿದೆ.

ಆಗ ನೀನು ಕೈಯಿಂದ ಬಾಯಿ ಮುಚ್ಚಿಕೊಂಡೆ.

ಇದನ್ನು ಓದಿದ ಮೇಲೂ ಬರುವುದಾದರೆ ಬಾ. ಬರುವ ಸೋಮವಾರ, ಇಪ್ಪತ್ತೊಂದನೇ ತಾರೀಖು, ಬೆಳಿಗ್ಗೆ ಒಂಬತ್ತು ಗಂಟೆಗೆ, ಮಠದ ಜಗುಲಿಯ ಮೇಲೆ ಇರುತ್ತೇನೆ.